ನಲವತ್ತು ಕೈ ಗೋಡೆ

ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಗಿರಣಿಗೆ ಹತ್ತಿ, ಒಂದೇ ಗೋಡೆಯ ಆಚೆ, ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಮಿಕ್ಸರು, ಫ್ಯಾನು ತಂದುಕೊಟ್ಟರೆ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಅದನ್ನು ನಡೆಸುವವರನ್ನು ಓಣಿಯೆಲ್ಲ ಭಾಯಿ ಎನ್ನುತ್ತದೆ, ನಾನೂ ಭಾಯಿ ಎನ್ನುತ್ತೇನೆ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಆದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾರೆ. ಬೇಡವೆಂದು ಹೇಳಿ ಹೇಳಿ ನನಗೇ ಸಾಕಾಯಿತು, ಅವರ ರೂಢಿ ಮಾತ್ರ ಹೋಗಲಿಲ್ಲ.

ನನ್ನ ಬಾಯಿ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಣಿಯ ಪಟ್ಟೆಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಅದೇ ದನಿ ಬಂದುಬಿಟ್ಟಿದೆ. ಗೋದಿ ಬೀಸಿದ ಕಲ್ಲಿಗೆ ಖಾರದಪುಡಿ ಹಾಕು ಎಂದು ಬರುವವರನ್ನು ಬೈದು ಬೈದು ನಾಲಿಗೆಯೂ ಹರಿತವಾಗಿದೆ. ಹಾಗಾಗಿ ಭಾಯಿ ಅಂಗಡಿಯ ಹಿಂದಿನ ಖೋಲಿಯಲ್ಲಿ ಪ್ಲೈವುಡ್ ಹಲಗೆ ಹಾಕಿಕೊಂಡು ಆಟಿಕೆಯ ರೈಲು ಓಡಿಸುತ್ತಾರೆಂದು ಗೊತ್ತಾದಾಗ ಮುಖದ ಮೇಲೆಯೇ ಕೇಳಿದೆ.

"ಭಾಯಿ, ಮೊಮ್ಮಕ್ಕಳು ಆಡೂ ಆಟ ನೀವ ಆಡಾಕತ್ತೀರಂತಲ್ಲ?"

"ಅವಕ್ಕ ಮುಟ್ಟಾಕ ಕೊಡೂದಿಲ್ರಿ ಅಕ್ಕಾರ," ಎಂದರು. "ಮುರದಬಿಡ್ತಾವು."

ಖೋಲಿಯೊಳಗೆ ಮೊದಲ ಸಲ ಕಾಲಿಟ್ಟಾಗ ನಗಬೇಕೆಂದೇ ಹೋಗಿದ್ದೆ. ನಡುಮಟ್ಟಕ್ಕೆ ಬರುವ ಹಲಗೆ. ಅದರ ಮೇಲೆ ಬೆರಳಗಲದ ಹಳಿ, ಅಂಗೈಯಲ್ಲಿ ಹಿಡಿಸುವ ಎಂಜಿನ್, ಹಿಂದೆ ಮೂರು ಡಬ್ಬಿ. ಪುಣೆಯಿಂದ ತರಿಸಿದ್ದು ಇವಿಷ್ಟೇ, ಜೊತೆಗೆ ಒಂದು ಪುಡಿಕೆಯಷ್ಟು ಪುಟಾಣಿ ಮನುಷ್ಯರು. ಉಳಿದ ಗುಡ್ಡ, ಸಾಗವಾನಿ ಗಿಡ, ಗೇಟು, ಗೇಟಿನವನ ಮನೆ ಎಲ್ಲವೂ ಭಾಯಿ ಕೈಯಿಂದ ಮಾಡಿದ್ದು. ನಿಜವಾದದ್ದರ ಎಂಬತ್ತೇಳನೆಯ ಒಂದು ಪಾಲು ಇಲ್ಲಿಯ ಅಳತೆಯಂತೆ. ಅಂದರೆ ಹೊರಗೆ ಎಂಬತ್ತೇಳು ಅಡಿ ಇದ್ದದ್ದು ಈ ಹಲಗೆಯ ಮೇಲೆ ಒಂದಡಿ. ಇದೆಂಥ ಹುಚ್ಚು ಲೆಕ್ಕ, ನೂರಕ್ಕೊಂದು ಹಿಡಿದಿದ್ದರೆ ಸಸಾರವಾಗುತ್ತಿತ್ತಲ್ಲ ಎಂದೆ. ಎಂಜಿನ್ ಮಾಡಿದವರು ಆ ಲೆಕ್ಕದಲ್ಲಿ ಮಾಡಿದ್ದಾರೆ, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ಹೋಗಬೇಕು ಎಂದರು.

ಆ ಗೇಟಿನವನ ಮನೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬಗ್ಗಿ ನೋಡಿದೆ. ಕಿಟಕಿಗೆ ಸರಳುಗಳಿದ್ದವು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದೆ, ಹೌದು, ಸರಳುಗಳೇ. ವೈಂಡಿಂಗಿನ ಅತಿ ಸಣ್ಣ ತಂತಿಯನ್ನು ಒಂದೊಂದಾಗಿ ಕತ್ತರಿಸಿ, ಚೌಕಟ್ಟಿಗೆ ಅಂಟಿಸಿ, ಮೇಲೆ ಕರಿಬಣ್ಣ ಹಚ್ಚಿದ್ದರು. ಮಾಡಿನ ಮಂಗಳೂರು ಹಂಚು, ಬಲ್ಬಿನ ಡಬ್ಬಿಯೊಳಗೆ ಸುತ್ತಿರುತ್ತಾರಲ್ಲ, ಆ ಅಲೆಅಲೆ ಕಾಗದದ್ದು. ಅದನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಕೂಡಿಸಿ, ಕೆಂಪು ಬಣ್ಣ ಬಳಿದಿದ್ದರು. ಅಲ್ಲಲ್ಲಿ ಒಂದೆರಡು ಹಂಚು ಕಪ್ಪಗಾಗಿದ್ದವು, ಒಂದು ಜಾರಿತ್ತು. ಇದೇಕೆ ಜಾರಿದೆ ಎಂದು ಕೇಳಿದರೆ, "ಮಂಗ್ಯಾ ಕುಂತು ಹೋಗಿರ್ತೈತಲ್ರಿ" ಎಂದರು. ನನ್ನ ಬಾಯಿ ಮುಚ್ಚಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆ, ಅವತ್ತು ಮುಚ್ಚಿತು.

ಆಮೇಲೆ ನಾನೇ ಸಾಮಾನು ಒದಗಿಸತೊಡಗಿದೆ. ಮದುವೆ ಪತ್ರಿಕೆ ಬಂದರೆ ಬಿಸಾಡುತ್ತಿರಲಿಲ್ಲ, ಗೋಡೆಗೆ ಬೇಕಾಗುತ್ತಿತ್ತು. ಕಾಗದದ ಕಾರ್ಖಾನೆಯವರಿರುವ ಬಂಗೂರನಗರದ ಕಡೆಯಿಂದ ಬರುವ ಪತ್ರಿಕೆಗಳು ಗಟ್ಟಿ, ಎರಡನ್ನು ಕೂಡಿಸಿ ಅಂಟಿಸಿದರೆ ಇಟ್ಟಿಗೆ ಗೋಡೆಯ ದಪ್ಪ ಬರುತ್ತದೆ. ಹಳೆ ಕಸಬರಿಗೆಯ ಕಡ್ಡಿ ಮಾಡಿನ ಜಂತಿಗೆ. ನಮ್ಮ ಮೈದಾ ಜರಡಿಯಲ್ಲಿ ಮಣ್ಣು ಸೋಸಿ ಹಳಿಯ ಪಕ್ಕ ಉದುರಿಸುತ್ತಿದ್ದರು. ಜರಡಿ ತೊಳೆದು ಕೊಡಿರಿ ಎಂದು ಜಗಳ ಮಾಡುತ್ತಿದ್ದೆ, ಮತ್ತೆ ಕೇಳಿದಾಗ ಮತ್ತೆ ಕೊಡುತ್ತಿದ್ದೆ.

ಭಾಯಿಗೆ ಒಬ್ಬ ಅಕ್ಕ ಇದ್ದಾರೆ. ಎಲ್ಲರಿಗೂ ಅವರು ಆಪಾ. ಹಳಿಯಾಳದಲ್ಲಿ ಬಳೆ ಅಂಗಡಿ ಇಟ್ಟು ಸಂಸಾರ ನಡೆಸಿದವರು. ಈಗ ಅಂಗಡಿ ಸೊಸೆಯ ಕೈಯಲ್ಲಿದೆ. ತಿಂಗಳಿಗೊಮ್ಮೆ ದಾಂಡೇಲಿಗೆ ಬಂದು ತಮ್ಮನ ಮನೆಯಲ್ಲಿ ಎರಡು ದಿನ ಇದ್ದು ಹೋಗುತ್ತಿದ್ದರು. ಬಂದಾಗ ಗಿರಣಿಯ ಕಟ್ಟೆಯ ಮೇಲೆ ಕೂತು ನನ್ನೊಡನೆ ಹರಟುವುದು ಕಾಯಂ. ತಮ್ಮನ ಜೊತೆ ಮನೆಯಲ್ಲಿ ಉರ್ದು ಆಡುವವರು ನನ್ನೆದುರು ಒಂದು ಮಾತೂ ಉರ್ದು ಆಡುವುದಿಲ್ಲ. "ತಿಳೀಲಾರದವರ ಮುಂದ ಆಡಿದ್ರ ಚಾಡಿ ಹೇಳಿದಂಗ ಆಕ್ಕೈತಿ" ಎನ್ನುತ್ತಾರೆ.

ಅಕ್ಕ ತಮ್ಮ ಇಬ್ಬರೂ ಬೆಳೆದದ್ದು ಅಳ್ನಾವರದ ಹಾದಿಯ ಒಂದು ಸಣ್ಣ ರೈಲು ಸ್ಟೇಶನ್ನಿನಲ್ಲಿ. ಅಪ್ಪ ಅಲ್ಲಿ ಪಾಯಿಂಟ್ಸ್‌ಮನ್, ಬಂಡಿ ಬಂದಾಗ ಹಳಿ ತಿರುಗಿಸುವ ಕೆಲಸ. ಸ್ಟೇಶನ್ನಿನ ಹಿಂದೆಯೇ ಅವರ ಮನೆ. ಭಾಯಿ ಹುಟ್ಟಿದ ಮಳೆಗಾಲದಲ್ಲೇ ಅವರ ಅಮ್ಮಿ ತೀರಿಕೊಂಡರು. ಅಲ್ಲಿಂದ ಮುಂದೆ ತಮ್ಮನನ್ನು ಎತ್ತಿ ಆಡಿಸಿದ್ದು, ಉಣಿಸಿದ್ದು, ಮದುವೆಯಾಗಿ ಹಳಿಯಾಳಕ್ಕೆ ಹೋಗುವಾಗ ಜೊತೆಗೇ ಕರೆದುಕೊಂಡು ಹೋಗಿ ಓದಿಸಿದ್ದು, ಎಲ್ಲವೂ ಆಪಾ. ಪ್ಯಾಸೆಂಜರ್ ಬಂಡಿ ನಿಂತ ಮೇಲೆ ಆ ಸ್ಟೇಶನ್ ಬಿದ್ದುಹೋಯಿತು. ಒಂದು ಫೋಟೋ ಸಹ ಇಲ್ಲ.

ಹೋದ ವರ್ಷ ಆಪಾನ ಕಣ್ಣಿನೊಳಗಿನ ಒತ್ತಡ ಏರಿದೆಯೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಆದಷ್ಟು ದಿನ ಕಾಯಬೇಕು, ಅಷ್ಟೇ. ಸುತ್ತಲಿನದು ಕತ್ತಲಾಗಿ ನಡುವಿನದಷ್ಟೇ ಉಳಿದಿತ್ತು, ಕೊಳವೆಯೊಳಗಿಂದ ನೋಡಿದಂತೆ. ನನ್ನ ಮುಖ ಕಂಡರೆ ನನ್ನ ಕೈ ಕಾಣುತ್ತಿರಲಿಲ್ಲ. ಚಹಾದ ಬಟ್ಟಲನ್ನು ತಡವುತ್ತಾ ಒಮ್ಮೆ ಕಟ್ಟೆಯ ಮೇಲೆ ಆಪಾ ಹೇಳಿದರು, "ಎಲ್ಲಾ ನೋಡೇನವ್ವ, ಕಣ್ಣಿಗೇನ ಆಶಾ ಉಳದಿಲ್ಲ. ಒಂದ ಆ ಸ್ಟೇಶನ್ ಮತ್ತೊಮ್ಮಿ ನೋಡಿದ್ರ ಆಗಿತ್ತು. ಅಮ್ಮಿ ಅಲ್ಲೇ ಕುಂದರತಿದ್ಲು, ಟಿಕೀಟ್ ಕಿಟಕಿ ಕೆಳಗ."

ಗೋಡೆಯಾಚೆ ಭಾಯಿ ಮೋಟರಿಗೆ ತಂತಿ ಸುತ್ತುತ್ತಿದ್ದರು. ಸುತ್ತುವ ಯಂತ್ರದ ಸದ್ದು ನಿಂತಿತು. ಆಪಾನ ಕಣ್ಣು ಪೂರ್ತಿ ಹೋಗುವುದರೊಳಗೆ ಆ ಸ್ಟೇಶನ್ ಎದ್ದು ನಿಲ್ಲಬೇಕೆಂದು ಅವತ್ತೇ ಭಾಯಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಆದರೆ ಅಳತೆ ಎಲ್ಲಿಂದ ತರುವುದು? ಭಾಯಿಗೆ ಅಲ್ಲಿಯದು ಅಷ್ಟಾಗಿ ನೆನಪಿಲ್ಲ. ಆಪಾಗೆ ಎಲ್ಲವೂ ನೆನಪಿತ್ತು, ಅದೂ ಲೆಕ್ಕ ಸಮೇತ. ತಮ್ಮ ರಚ್ಚೆ ಹಿಡಿದಾಗ ಅವನನ್ನು ಬಗಲಲ್ಲಿ ಎತ್ತಿಕೊಂಡು, ಇನ್ನೊಂದು ಕೈಯನ್ನು ಗೋಡೆಗೆ ಒತ್ತಿ, ಮೊಣಕೈಯಿಂದ ಬೆರಳ ತುದಿವರೆಗೆ ಒಂದು, ಅಲ್ಲಿಂದ ಮುಂದೆ ಎರಡು, ಹೀಗೆ ಜೋರಾಗಿ ಎಣಿಸುತ್ತಾ ಹೋಗುತ್ತಿದ್ದರಂತೆ. ನಾವು ಮೊಳ ಎನ್ನುತ್ತೇವಲ್ಲ, ಅದು. ಉರ್ದುವಿನಲ್ಲಿ ಮೊಳಕ್ಕೂ ಕೈಗೂ ಒಂದೇ ಮಾತು, ಹಾಥ್. ಅದಕ್ಕೆ ಆಪಾ ಕನ್ನಡದಲ್ಲೂ ಕೈ ಎಂದೇ ಹೇಳುವರು.

"ಪ್ಲಾಟ್‌ಫಾರ್ಮ್ ಕಡಿ ಗ್ವಾಡಿ ನಲವತ್ತು ಕೈ," ಎಂದರು ಆಪಾ. "ಬಾಗಲಾ ಮೂರು ಕೈ ಅಗಲ. ಟಿಕೀಟ್ ಕಿಟಕಿ ಒಂದೂವರಿ. ಇಪ್ಪತ್ತಕ್ಕ ಬರೂದ್ರಾಗ ಇಂವಾ ಸುಮ್ಮನಾಗ್ತಿದ್ದ. ನಲವತ್ತಕ್ಕ ಬಂದ್ರ ನಿದ್ದಿ."

ಭಾಯಿ ಹಗುರವಾಗಿ ಕೆಲಸ ಮಾಡುವವರಲ್ಲ. ನನ್ನ ಮೊಳ ಬೇರೆ, ಆಪಾನ ಮೊಳ ಬೇರೆ ಎಂದುಕೊಂಡು, ಟೇಪು ತಂದು ಆಪಾನ ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಅಳೆದರು. ಹದಿನೇಳು ಇಂಚು. ನಲವತ್ತು ಕೈಗೆ ಐವತ್ತೇಳು ಅಡಿಗೆ ಚೂರು ಕಡಿಮೆ. ಎಂಬತ್ತೇಳರಿಂದ ಭಾಗಿಸಿದರೆ ಎಂಟು ಇಂಚಿನ ಆಸುಪಾಸು. ಎಷ್ಟು ಹುಷಾರಿ ಇವರು ಎಂದು ನಾನೂ ಮೆಚ್ಚಿಕೊಂಡೆ.

ಆ ಮಳೆಗಾಲವೆಲ್ಲ ಅವರು ಮಾಡಿದ್ದನ್ನು ನೋಡಬೇಕಿತ್ತು. ಅಂಗಡಿಯ ಕೆಲಸ ಮುಗಿಸಿ ಸಂಜೆ ಕೂತರೆ ಮಗ್ಗಲಿನಲ್ಲಿ ಆನೆ ಹಾದುಹೋದರೂ ಗೊತ್ತಾಗುತ್ತಿರಲಿಲ್ಲ. ಪತ್ರಿಕೆಯ ಹಾಳೆಯ ಮೇಲೆ ಸೂಜಿಯಿಂದ ಗೀರಿ ಕಲ್ಲಿನ ಗೋಡೆ ಎಬ್ಬಿಸಿದರು. ನಿಜವಾದ ಸುಣ್ಣ ತೆಳ್ಳಗೆ ಬಳಿದು, ಕೆಳಭಾಗಕ್ಕೆ ಮಳೆಯ ನೀರು ಸಿಡಿದ ಕೆಂಪು ಕಲೆ ಹಚ್ಚಿದರು. ಬಾಗಿಲಿನ ಹಲಗೆಗಳು ಮೋಟರಿನೊಳಗೆ ಹಾಕುವ ಕಂದು ಕಾಗದದವು, ಮೇಲೆ ವೈಂಡಿಂಗಿನ ವಾರ್ನಿಶ್. ಹಂಚಿನ ಒಂದೊಂದು ಸಾಲು ಕೂಡಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಸಾಲು ಸೊಟ್ಟಗಾದರೆ ಸಿಟ್ಟಿಲ್ಲ ಸೆಡವಿಲ್ಲ, ಸದ್ದಿಲ್ಲದೆ ಕಿತ್ತು ಮತ್ತೆ ಕೂಡಿಸುವರು. ನಾನಾಗಿದ್ದರೆ ಅಷ್ಟನ್ನೂ ಒಲೆಗೆ ಹಾಕಿರುತ್ತಿದ್ದೆ.

ಗೋಡೆ, ಬಾಗಿಲು, ಮಾಡು ಎಲ್ಲ ಕೂಡಿಸಿ ಹಲಗೆಯ ಮೇಲೆ ಇಟ್ಟ ದಿನ ಕರೆದರು. ಚಂದವಿತ್ತು. ಆದರೂ ಏನೋ ಸರಿಯಿಲ್ಲ ಎನ್ನಿಸಿತು. ಬಾಗಿಲಲ್ಲಿ ನಿಲ್ಲಿಸಿದ್ದ ಪುಟಾಣಿ ಸ್ಟೇಶನ್ ಮಾಸ್ತರ ಹಬ್ಬಕ್ಕೆ ಅಪ್ಪನ ಕೋಟು ಹಾಕಿಕೊಂಡ ಹುಡುಗನಂತೆ ಕಾಣುತ್ತಿದ್ದ.

"ಭಾಯಿ, ಈ ಮಾಸ್ತರಗ ಉಣ್ಣಾಕ ಹಾಕ್ರಿ, ಬಾಗಲಕ್ಕ ಮುಟ್ಟವಲ್ಲ."

"ಸ್ಟೇಶನ್ ಬಾಗಲಾ ದೊಡ್ಡವ ಇರ್ತಾವ್ರಿ," ಎಂದರು. ಇರಬಹುದು ಎಂದುಕೊಂಡೆ.

ಉಳಿದದ್ದು ನೆಲ. ಸುತ್ತಲೂ ಉದುರಿಸಲು ಆ ಜಾಗದ್ದೇ ಒಂದು ಬೊಗಸೆ ಮಣ್ಣು ಬೇಕೆಂದು ಅವರ ಹಟ. ನಮ್ಮ ಯಜಮಾನರು ಗೋದಿ ತರಲು ಆ ಕಡೆ ಹೊರಟಿದ್ದರು, ನಮ್ಮ ಗೂಡ್ಸ್ ಆಟೋದ ಹಿಂದೆ ಭಾಯಿ ಮತ್ತು ನಾನು ಕೂತುಕೊಂಡು ಹೋದೆವು. ಏನೂ ಉಳಿದಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ ಭಾಯಿ ಇಷ್ಟು ವರ್ಷ ಅತ್ತ ಹಾಯ್ದಿರಲಿಲ್ಲ. ಮುಳ್ಳುಗಂಟಿ ಸರಿಸಿ ನೋಡಿದರೆ ನೆಲಗಟ್ಟು ಹಾಗೇ ಇತ್ತು. ಕಲ್ಲಿನ ಅಂಚು ಈ ಮೂಲೆಯಿಂದ ಆ ಮೂಲೆವರೆಗೆ ಸ್ವಚ್ಛ ಕಾಣುತ್ತಿತ್ತು. ಭಾಯಿ ಖುಷಿಯಿಂದ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಇನ್ನೊಂದನ್ನು ಹಿಡಿದು ನಡೆದರು. ಮೂಲೆ ಮುಟ್ಟಿ, ಬಗ್ಗಿ ಓದಿ, ಮತ್ತೊಮ್ಮೆ ಎಳೆದು ಓದಿದರು. ನಲವತ್ತಮೂರು ಅಡಿ ಚಿಲ್ಲರೆ.

ಸುಮಾರು ಹದಿಮೂರು ಅಡಿ ಕಡಿಮೆ ಬಂದಿತ್ತು. ಬಾಗಿಲಿನ ಹೊಸ್ತಿಲಿನ ಗುರುತು ಅಳೆದರೆ ಅದೂ ಅದೇ ಪಾಲಿನಲ್ಲಿ ಕಡಿಮೆ. ಭಾಯಿ ಕಟ್ಟೆಯ ಮೇಲೆ ಕೂತುಬಿಟ್ಟರು.

"ಆಪಾಗ ನೆನಪ ತಪ್ಪೇತಿ," ಎಂದರು. ಮಾಡಿದ್ದನ್ನು ಮತ್ತೆ ಮಾಡಬೇಕಲ್ಲ ಎಂಬುದು ಅವರ ಸಂಕಟವಲ್ಲ. "ಕಣ್ಣ ಹೋಗಾಕತ್ತೈತಿ ಅಂತ ಗೊತ್ತಿತ್ತು. ನೆನಪೂ ಹೊಂಟೈತೇನ್ರಿ ಅಕ್ಕಾರ? ಅಮ್ಮಿದು ಇರೂದು ಆಕಿ ನೆನಪಿನಾಗ ಒಂದ."

ಆಪಾ ಕಿಟಕಿಯ ಕೆಳಗೆ ಕೂತಿದ್ದ ಅಮ್ಮಿಯ ಸೀರೆಯ ಅಂಚಿನ ಬಣ್ಣ ಸಹ ಹೇಳಿದ್ದರು. ಗೋಡೆಯದು ಸುಳ್ಳಾದರೆ ಅದೂ ಸುಳ್ಳೋ ಏನೋ. ಮಣ್ಣು ತುಂಬಿಕೊಂಡು ತಿರುಗಿ ಬಂದೆವು. ಅದಾದ ಮೇಲೆ ಭಾಯಿ ಹಿಂದಿನ ಖೋಲಿಯ ಬಾಗಿಲು ತೆಗೆಯಲಿಲ್ಲ. ಹಳಿಯಾಳದಿಂದ ಸೊಸೆ ಫೋನು ಮಾಡಿ, ಆಪಾಗೆ ಎಡಗಣ್ಣಿನಲ್ಲಿ ಈಗ ಬೆಳಕಷ್ಟೇ ತಿಳಿಯುತ್ತದೆ ಎಂದು ಹೇಳಿದ್ದಳು. ಗಿರಣಿಯಲ್ಲಿ ಕೂತೇ ಗೋಡೆ ಬಡಿದು ಬೈದೆ ಕೂಡ. ಆ ಕಡೆಯಿಂದ ಸುತ್ತುವ ಯಂತ್ರದ ಸದ್ದಷ್ಟೇ ಬಂತು.

ಮುಂದಿನ ಶುಕ್ರವಾರ ಹೂವಿಗೆ ಬಸ್ ಸ್ಟ್ಯಾಂಡಿಗೆ ಹೋದೆ. ಅಲ್ಲಿ ಇಬ್ಬರು ಹೂವಿನವರು ಕೂರುತ್ತಾರೆ, ಒಬ್ಬಳು ಉದ್ದ, ಒಬ್ಬಳು ಗಿಡ್ಡ. ನಾನು ಯಾವಾಗಲೂ ಉದ್ದನೆಯವಳ ಹತ್ತಿರವೇ ತೆಗೆದುಕೊಳ್ಳುವುದು, ಅವಳ ಮೊಳದಲ್ಲಿ ನಾಲ್ಕು ಹೂವು ಜಾಸ್ತಿ ಬರುತ್ತವೆ. ಅವತ್ತು ಅವಳಿರಲಿಲ್ಲ. ಗಿಡ್ಡನೆಯವಳು ಮಾಲೆಯನ್ನು ಮೊಣಕೈಗೆ ಹಿಡಿದು ಅಳೆಯತೊಡಗಿದಾಗ ನಾನು ರೂಢಿಯಂತೆ ತಗಾದೆ ತೆಗೆದೆ.

"ನಿನ್ನ ಮೊಳ ಬ್ಯಾಡವ್ವ, ನನ್ನ ಕೈಲೆ ಅಳಿ."

"ಸುಮ್ಮನ ತಗೋರಿ," ಎಂದಳು ಅವಳು. "ಸಣ್ಣಾಕಿ ಇದ್ದಾಗ ನಮ್ಮವ್ವ ಬೇಕಂತ ನನ್ನ ಕೈಲೆ ಅಳಸ್ತಿದ್ಲು. ಅವಾಗಿನ ಮೊಳ ನೋಡಿದ್ರ ನೀವು ಏನ ಅಂತಿದ್ರೋ. ಈಗ ಬೆಳದೇನಲ್ರಿ."

ಹೂವು ತೆಗೆದುಕೊಂಡೆನೋ ಬಿಟ್ಟೆನೋ ನೆನಪಿಲ್ಲ. ನೆಟ್ಟಗೆ ಭಾಯಿ ಅಂಗಡಿಗೆ ಬಂದು, ಒಬ್ಬ ಗಿರಾಕಿ ನಿಂತಿದ್ದರೂ ಲಕ್ಷ್ಯಕ್ಕೆ ತಾರದೆ ಕೇಳಿದೆ, "ಭಾಯಿ, ನೀವು ಆಪಾನ ಕೈ ಯಾವಾಗ ಅಳದ್ರಿ?"

"ಈ ಮಳಿಗಾಲದಾಗ. ಯಾಕ್ರಿ?"

"ಆಪಾ ಗ್ವಾಡಿ ಯಾವಾಗ ಅಳದಿದ್ರು?"

ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು. ಅಂಗಡಿಯ ಗೋಡೆಗೇ ಸೀಮೆಸುಣ್ಣದಿಂದ ಭಾಗಾಕಾರ ಮಾಡಿದರು, ನಲವತ್ತಮೂರು ಅಡಿ ಚಿಲ್ಲರೆಯನ್ನು ನಲವತ್ತರಿಂದ. ಹದಿಮೂರು ಇಂಚು ಬಂತು. ಬಾಗಿಲಿನದು ಮಾಡಿದರು. ಹದಿಮೂರು. ಆಪಾನ ಎಣಿಕೆಯಲ್ಲಿ ಒಂದು ಕೈಯೂ ಹೆಚ್ಚುಕಡಿಮೆ ಇರಲಿಲ್ಲ. ಆಗ ಅವರಿಗೆ ಎಂಟು ವರ್ಷ.

ಭಾಯಿ ಟೇಪಿನಲ್ಲಿ ಹದಿಮೂರು ಇಂಚು ಎಳೆದು, ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದು ನೋಡುತ್ತ ನಿಂತರು. ನನ್ನ ಮೊಣಕೈಗೆ ಹಿಡಿದರೆ ಅದು ಬೆರಳಿನ ಬುಡಕ್ಕೇ ಮುಗಿಯುತ್ತದೆ.

"ಎಂಟು ವರ್ಷ ದೊಡ್ಡಾಕಿ ಅಂತ ಲೆಕ್ಕಕ್ಕ ಗೊತ್ತಿತ್ರಿ," ಎಂದರು. "ಆದ್ರ ನನಗ ಆಪಾ ಅಂದ್ರ ಯಾವತ್ತಿಗೂ ದೊಡ್ಡಾಕಿನ. ಆಕಿ ಸಣ್ಣಾಕಿ ಇದ್ಲು ಅನ್ನೂದ ನನ್ನ ತಲ್ಯಾಗ ಬಂದಿಲ್ಲ. ಇಷ್ಟ ಕೈಯಾಗ ನನ್ನ ಎತಗೊಂಡಿದ್ಲು ನೋಡ್ರಿ." ಕಣ್ಣು ತುಂಬಿ ಬಂದಿದ್ದನ್ನು ಗಿರಾಕಿಯ ಎದುರೇ ತೋಳಿನಿಂದ ಒರೆಸಿಕೊಂಡರು. ಆ ಗಿರಾಕಿ ತನ್ನ ಮಿಕ್ಸರು ಅಲ್ಲೇ ಬಿಟ್ಟು, ನಾಳೆ ಬರ್ತೇನಿ ಎಂದು ಹೋದ.

ಮೊದಲಿನ ಸ್ಟೇಶನ್ನಿನಿಂದ ಒಂದು ಬಾಗಿಲನ್ನೂ ಉಳಿಸಿಕೊಳ್ಳಲಿಲ್ಲ, ಎಲ್ಲವೂ ಹೊಸದು. ನಾನು ಪಕ್ಕದ ಓಣಿಯಲ್ಲೂ ಮದುವೆ ಪತ್ರಿಕೆ ಕೇಳಿ ತಂದೆ. ಸುಟ್ಟ ಮೋಟರುಗಳು ಅಂಗಡಿಯೆದುರು ಸಾಲುಗಟ್ಟಿದವು. ಜಗಳಕ್ಕೆ ಬಂದವರನ್ನು ನಾನೇ ಗಿರಣಿಯ ಬಾಗಿಲಲ್ಲಿ ತಡೆದು ಕಳಿಸಿದೆ, ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಈ ಸಲದ್ದು ಆರು ಇಂಚು ಉದ್ದ. ಸಣ್ಣದಾದಷ್ಟೂ ಕೆಲಸ ಸೂಕ್ಷ್ಮವಾಯಿತು. ಆದರೂ ಭಾಯಿ ಜಾರಿದ ಒಂದು ಹಂಚನ್ನು ಮರೆಯಲಿಲ್ಲ. ಬಾಗಿಲಲ್ಲಿ ನಿಂತ ಮಾಸ್ತರ ಈಗ ಮಾಸ್ತರನಂತೆ ಕಂಡ. ಇಂಥ ಕೈಕೆಲಸ ನೋಡಲು ಸಿಕ್ಕಿದ್ದೇ ನನ್ನ ಪುಣ್ಯ ಎನ್ನಿಸಿತು, ಹಾಗಂತ ಬಾಯಿಬಿಟ್ಟು ಹೇಳಿದೆ ಕೂಡ. ಅವರು, ಜರಡಿ ಇನ್ನೊಮ್ಮೆ ಕೊಡುತ್ತೀರಾ ಎಂದು ಕೇಳಿದರು.

ಕೊನೆಗೆ ಏನೋ ಒಂದನ್ನು ತಂತಿಯ ತುಂಡಿನಿಂದ ತಿದ್ದುತ್ತಾ ಕೂತಿದ್ದರು, ನನಗೂ ತೋರಿಸಲಿಲ್ಲ.

ಚಳಿಗಾಲದ ಒಂದು ಮುಂಜಾನೆ ಆಪಾನನ್ನು ಕರೆತಂದರು. ಸೊಸೆ ಕೈ ಹಿಡಿದುಕೊಂಡು ಬಂದಳು. ಈಗ ಬಲಗಣ್ಣಿನ ನಡುವಿನ ಚೂರು ನೋಟ ಒಂದೇ ಉಳಿದಿತ್ತು. ಖೋಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಭಾಯಿ ಸ್ಟೇಶನ್ನನ್ನು ಹಲಗೆಯಿಂದ ಎತ್ತಿ ಅವರ ಎದುರು ಹಿಡಿದರು. ಆಪಾ ತಲೆಯನ್ನು ಅತ್ತಿತ್ತ ಹೊರಳಿಸಿ ಹುಡುಕಿದರು.

"ಸ್ವಲ್ಪ ದೂರ ಹಿಡಿ," ಎಂದರು. ಭಾಯಿ ಒಂದು ಕೈ ದೂರಕ್ಕೆ ಸರಿಸಿದರು. ಆಪಾ ನೆಟ್ಟ ನೋಟದಲ್ಲಿ ಬಹಳ ಹೊತ್ತು ನೋಡಿದರು. "ಪೂರಾ ಕಾಣಾಕತ್ತೈತೋ. ಈ ತುದಿಯಿಂದ ಆ ತುದಿ ಮಟ, ಒಮ್ಮಿಗೆ. ಇತ್ತಿತ್ಲಾಗ ನನಗ ಒಂದ ಮನುಷ್ಯಾ ಪೂರಾ ಕಾಣೂದಿಲ್ಲ."

ಬಾಗಿಲು ಗುರುತು ಹಿಡಿದರು. ಟಿಕೆಟ್ ಕಿಟಕಿ ಹಿಡಿದರು. ಅದರ ಕೆಳಗೆ ಕೆಂಪು ಅಂಚಿನ ಹಸಿರು ಸೀರೆಯ ಒಬ್ಬ ಹೆಂಗಸು ಕೂತಿದ್ದಳು. ಅಮ್ಮಿ ಎಂದು ಸಣ್ಣಗೆ ಅಂದರು. ಆಮೇಲೆ ನೋಟ ಗೋಡೆಯಗುಂಟ ಸರಿದು ಒಂದು ಕಡೆ ನಿಂತಿತು. ಅಲ್ಲಿ ಅರ್ಧ ಇಂಚಿನ ಒಂದು ಹುಡುಗಿ ನಿಂತಿತ್ತು. ಬಗಲಲ್ಲಿ ಒಂದು ಕೂಸು. ಇನ್ನೊಂದು ಕೈ ಗೋಡೆಗೆ ಉದ್ದಕ್ಕೆ ಒತ್ತಿತ್ತು.

"ಇದ್ಯಾರದೋ ಹುಡುಗಿ? ಇಷ್ಟ ಸಣ್ಣದು?"

"ನೀನ ಆಪಾ."

"ನಾ ದೊಡ್ಡಾಕಿ ಇದ್ನಲ್ಲೋ."

"ಇಲ್ಲ ಆಪಾ. ನಿನ್ನ ಕೈ ಹದಿಮೂರು ಇಂಚ ಇತ್ತು. ಗ್ವಾಡಿ ಹೇಳೇತಿ."

ಆಪಾ ತಮ್ಮ ಬಲಗೈ ಎತ್ತಿ ಕಣ್ಣೆದುರು ಹಿಡಿದುಕೊಂಡರು. ಜೀವಮಾನವಿಡೀ ಊರವರ ಕೈ ಹಿಸುಕಿ ಬಳೆ ಇಟ್ಟವರು. "ಹಂಗಂದ್ರ ಒಂದು-ಹನ್ನೆರಡರ ಬಳಿ," ಎಂದರು, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ. "ಅದು ಸಣ್ಣ ಹುಡುಗ್ಯಾರ ಸೈಜು."

ಮತ್ತೆ ಆ ಹುಡುಗಿಯನ್ನೇ ನೋಡಿದರು. ಆಮೇಲೆ ತಮ್ಮನ ಕಡೆ ಮುಖ ಮಾಡಿ, ಅರವತ್ತು ವರ್ಷ ಯಾರೆದುರೂ ಆಡದ ಮಾತನ್ನು ಆಡಿದರು.

"ನೀ ಭಾಳ ಭಾರ ಇದ್ದಿ," ಎಂದರು.